ತಳ ಹಿಡಿದ ಪಲಾವ್

ಹರಿಹರದ ಮದುವೆ ಛತ್ರವೊಂದರ ಹಿತ್ತಿಲಿನಲ್ಲಿ ಬಿರಿಯಾನಿಯ ಎರಡು ದೇಗ್‌ಗಳು, ದಪ್ಪ ತಳದ ದೊಡ್ಡ ಹಂಡೆಗಳು, ಒಲೆಯ ಮೇಲೆ ಕೂತಿವೆ. ಮುಚ್ಚಳದ ಸುತ್ತ ಮೆತ್ತಿದ ಕಣಕ ಒಣಗಿ ಅಲ್ಲಲ್ಲಿ ಬಿರಿದಿದೆ. ಅಡಿಗೆಯ ಬಾವರ್ಚಿ ಖಾಜಾ ಹುಸೇನ್ ಅವರು ಕುಕ್ಕರುಗಾಲಲ್ಲಿ ಕೂತು, ಉದ್ದನೆಯ ಚಿಮಟದಿಂದ ಮುಚ್ಚಳದ ಮೇಲಿನ ಕೆಂಡಗಳನ್ನು ಅಂಚಿಗೆ ಸರಿಸುತ್ತಾರೆ. ಆಮೇಲೆ ಹಿಂದಕ್ಕೆ ಸರಿದು ಹೆಂಡತಿಗೆ ಜಾಗ ಬಿಡುತ್ತಾರೆ.

ಹಜೀರಾಬೀ ಸೆರಗನ್ನು ಹೊಗೆಗೆ ಅಡ್ಡ ಹಿಡಿದು ಬಗ್ಗುತ್ತಾರೆ. ಕಣಕ ಬಿರಿದ ಕಡೆ ಮೂಗು ಒಯ್ದು ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ.

“ಹಸಿ ಐತೆ,” ಎನ್ನುತ್ತಾರೆ. ಪಕ್ಕದ ದೇಗ್‌ಗೆ ಹೋಗಿ ಹಾಗೆಯೇ ಬಗ್ಗುತ್ತಾರೆ. “ಇದು ಆತು. ತೆಗೀರಿ.”

ಮನೆಯಲ್ಲಿ ಉರ್ದು ಆಡುವ ಗಂಡ ಹೆಂಡತಿ ಒಲೆಯ ಮುಂದೆ ಕನ್ನಡಕ್ಕೆ ಹೊರಳುತ್ತಾರೆ. ಸುತ್ತ ನಿಂತ ಕೆಲಸದವರಿಗೂ ತಿಳಿಯಬೇಕಲ್ಲ. ಖಾಜಾ ಹುಸೇನ್ ಅವರು ಕೈ ಸನ್ನೆ ಮಾಡಿದ ಕೂಡಲೇ ಇಬ್ಬರು ಆಳುಗಳು ಗೋಣಿಚೀಲ ಹಿಡಿದು ಬಂದು ಎರಡನೆಯ ದೇಗ್ ಇಳಿಸುತ್ತಾರೆ.

ಛತ್ರ ನೋಡಿಕೊಳ್ಳುವ ಲಿಂಗಣ್ಣ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು.

“ಏನ್ರೀ ಸಾಬ್ರೆ, ಅಕ್ಕಾರು ಬಂದು ಮೂಸಿ ಹೇಳದಿದ್ರೆ ನಿಮ್ ಬಿರಿಯಾನಿ ಇಳ್ಯಂಗಿಲ್ಲೇನು?”

“ಇಳ್ಯಂಗಿಲ್ಲ.”

“ಮದ್ವಿ ಆಗಿ ಯಾವ ಕಾಲ ಆತು, ಇನ್ನೂ ಜೋಡಿ ಬಿಟ್ಟಿರಂಗಿಲ್ಲ ಅಂತೀರಿ.”

“ಇವ್ರ ಕೈಗೆ ಬಿಟ್ರೆ ಅಕ್ಕಿ ಅಕ್ಕಿನೇ ಇರ್ತೈತೆ ಲಿಂಗಣ್ಣಾ,” ಎಂದರು ಹಜೀರಾಬೀ. “ನೀವು ಬರ್ರಿ, ಮೂಸಿ ನೋಡ್ರಿ. ನಾನು ಆ ಕಂಬ ಹಿಡ್ಕಂಡು ನಿಂದಿರ್ತೀನಿ.”

ಆಳುಗಳು ನಕ್ಕರು. ಲಿಂಗಣ್ಣ ಅವರೂ ನಕ್ಕರು. ಖಾಜಾ ಹುಸೇನ್ ಮೊದಲನೆಯ ದೇಗ್‌ನ ಕೆಂಡ ನೋಡುತ್ತಿದ್ದರು.

ಐದು ವರ್ಷಗಳಿಂದ ಖಾಜಾ ಹುಸೇನ್ ಅವರಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಇದು ಗೊತ್ತಿರುವುದು ಹೆಂಡತಿಗೆ, ಶಿವಮೊಗ್ಗದಲ್ಲಿರುವ ಮಗಳು ಫಿಜಾಗೆ, ಮತ್ತೆ ಒಬ್ಬ ವೈದ್ಯರಿಗೆ. ಕಾಯಿಲೆಯಲ್ಲಿ ಹೋದ ವಾಸನೆ ಎಲ್ಲರಿಗೂ ಬಂದ ಹಾಗೆ ತಮಗೂ ಬಂತೆಂದು ಅವರು ಉಳಿದವರಿಗೆಲ್ಲ ಹೇಳಿದ್ದಾರೆ. ವಾಸನೆ ತಿಳಿಯದ ಬಾವರ್ಚಿಗೆ ಯಾರೂ ಮದುವೆ ಅಡಿಗೆ ಒಪ್ಪಿಸುವುದಿಲ್ಲ. ಮದುವೆ ಮನೆಯವರ ಜಾಗದಲ್ಲಿದ್ದರೆ ತಾವೂ ಒಪ್ಪಿಸುತ್ತಿರಲಿಲ್ಲ ಎನ್ನುತ್ತಾರೆ ಅವರು.

ಈ ಮೇ ತಿಂಗಳಲ್ಲಿ ಅವರಿಗೆ ಬಂದಿರುವ ತೊಡಕು ಇಷ್ಟೇ. ಫಿಜಾಗೆ ಚೊಚ್ಚಲ ಹೆರಿಗೆ. ಹಜೀರಾಬೀ ಶುಕ್ರವಾರ ಶಿವಮೊಗ್ಗಕ್ಕೆ ಹೊರಡುತ್ತಾರೆ, ಬಾಣಂತನ ಮುಗಿಯುವವರೆಗೂ ಬರುವುದಿಲ್ಲ. ಆ ನಡುವೆ ಎರಡು ಅಡಿಗೆ ಒಪ್ಪಿಕೊಂಡಾಗಿದೆ. ಒಂದು ಆನಗೋಡಿನ ಸಣ್ಣತಿಮ್ಮಪ್ಪ ಎಂಬುವರ ಮನೆಯ ಬೀಗರ ಊಟ. ಇನ್ನೊಂದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ವರ್ಷಕ್ಕೊಮ್ಮೆ ಮಾಡುವ ತರಕಾರಿ ಪಲಾವ್. ಅವರ ವಾಸನೆ ಹೋದದ್ದು ಆ ಶೆಡ್ಡಿನಲ್ಲೇ.

ಖಾಜಾ ಹುಸೇನ್ ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಹದಿಹರೆಯದಲ್ಲಿ ಮಸೀದಿಯ ಹತ್ತಿರದ ಒಬ್ಬ ಉಸ್ತಾದರ ಕೈಕೆಳಗೆ ಅಡಿಗೆಗೆ ಸೇರಿದರು. ಮೊದಲು ಕಲಿತದ್ದು ರಮಜಾನ್ ತಿಂಗಳಲ್ಲಿ ರೋಜಾ ಬಿಡುವವರಿಗೆ ಗಂಜಿ ಮಾಡುವುದನ್ನು. ಉಪವಾಸದಲ್ಲಿರುವವನು ಹನಿ ಗಂಜಿಯನ್ನೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಹಾಗೆ ಕಲಿತವರು ಮುಂದೆ ಉಳಿದ ಹನ್ನೊಂದು ತಿಂಗಳೂ ನಾಲಿಗೆ ಬಳಸುವುದಿಲ್ಲ. ರುಚಿ ನೋಡುವವನು ಮನೆ ಅಡಿಗೆಯವನು, ಉಗಿ ನೋಡುವವನು ಬಾವರ್ಚಿ ಎಂದು ಉಸ್ತಾದರು ಹೇಳುತ್ತಿದ್ದರಂತೆ. ಮುಚ್ಚಳ ತುಸು ಸರಿಸಿದರೆ ಮೊದಲು ಹಸಿ ಅಕ್ಕಿಯ ವಾಸನೆ ಬರುತ್ತದೆ. ಆಮೇಲೆ ಲವಂಗದ್ದು. ಲವಂಗ ಹಿಂದೆ ಸರಿದು ಏಲಕ್ಕಿ ಮೇಲೆ ಬಂದಾಗ ಕೆಂಡ ತೆಗೆಯಬೇಕು. ಉಪ್ಪಿಗೂ ವಾಸನೆ ಇದೆ ಎಂದು ಖಾಜಾ ಹುಸೇನ್ ವಾದಿಸುತ್ತಿದ್ದರು. ಈಗ ಆ ವಾದ ಮಾಡುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂತು. ಮದುವೆಗಳು ನಿಂತವು. ಅವರ ಎರಡು ದೇಗ್‌ಗಳನ್ನು ಅಂಗಳದಲ್ಲಿ ಬೋರಲು ಹಾಕಿದ್ದರು, ಕೋಳಿಗಳು ಅವುಗಳ ನೆರಳಿನಲ್ಲಿ ಮಲಗುತ್ತಿದ್ದವು. ಅವರ ತಂಗಿಯ ಮಗ ಹುಜೈಫಾ ಅವರ ಜೊತೆಯಲ್ಲೇ ಅಡಿಗೆ ಮಾಡುವವನು, ಮೂವತ್ತು ದಾಟಿದವನು. ಆಗ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದ. ಒಂದು ಬೆಳಗ್ಗೆ ಕೊಟ್ಟೂರೇಶ್ ಎಂಬುವರು ಸ್ಕೂಟರಿಗೆ ಓಡಾಟದ ಪಾಸ್ ಅಂಟಿಸಿಕೊಂಡು ಮನೆ ಹುಡುಕಿಕೊಂಡು ಬಂದರು. ಕರೂರಿನಲ್ಲಿ ಗೋಣಿಚೀಲ ಹೊಲಿಸುವ ಶೆಡ್ ನಡೆಸುವವರು. ಹಿಂದೆ ಅಕ್ಕಿ ವ್ಯಾಪಾರದಲ್ಲಿದ್ದ ಮನೆತನ.

“ಖಾಜಾ ಸಾಬ್ರು ಅಂದ್ರೆ ನೀವೇನಾ?”

“ಹೌದ್ರಿ. ಮದ್ವಿ ಐತೇನು?”

“ಮದ್ವಿ ಎಲ್ಲೈತ್ರಿ ಈಗ. ಆಸ್ಪತ್ರೆ ಹೊರಗೆ ಜನ ಬೀದಿಯಾಗೆ ಕುಂತಾರೆ. ಹಾಸ್ಟೆಲ್‌ನಾಗೆ ಕೋವಿಡ್‌ನೋರನ್ನ ಇಟ್ಟಾರೆ. ಅವ್ರಿಗೆಲ್ಲ ಊಟ ಕೊಡಬೇಕು ಅಂತ ಮಾಡೀವಿ. ಶೆಡ್ ಐತೆ, ಅಕ್ಕಿ ಐತೆ, ಹಂಚೋಕೆ ಹುಡುಗ್ರು ಅದಾರೆ. ಮಾಡೋರಿಲ್ಲ.”

“ನೀವೇ ಮಾಡಿ ನೋಡಿದ್ರೇನು?”

“ಮೂರ್ ದಿನ ಮಾಡಿದ್ವಿ. ಉಪ್ಪಿಟ್ಟು ಮಾಡಾಕ ಹೋಗಿ ಅಂಟು ಮಾಡಿದ್ವಿ. ಅದ್ರಾಗೆ ಪೋಸ್ಟರ್ ಹಚ್ಚಬೋದಿತ್ತು.”

ಖಾಜಾ ಹುಸೇನ್ ನಕ್ಕರು. ಹುಜೈಫಾನನ್ನೂ ಕರೆದುಕೊಂಡು ಬರುತ್ತೇನೆ ಎಂದರು. ಊಟ ಸಸ್ಯಾಹಾರವೇ ಇರಬೇಕು, ತಾಯಿ ಅದೊಂದು ಮಾತು ಹೇಳಿದ್ದಾರೆ ಎಂದು ಕೊಟ್ಟೂರೇಶ್ ತಿಳಿಸಿದರು. ಹಾಗಿದ್ದರೆ ಮಾಂಸ ಬೆಂದ ದೇಗ್‌ಗಳು ಬರುವಂತಿಲ್ಲ. ಅದಕ್ಕೂ ವ್ಯವಸ್ಥೆ ಆಗಿತ್ತು. ತಾಯಿ ಅಕ್ಕನಾಗಮ್ಮ ಅಟ್ಟದಿಂದ ಮನೆತನದ ಎರಡು ತಾಮ್ರದ ಕೊಪ್ಪರಿಗೆ ಇಳಿಸಿ ಕಲಾಯಿ ಹಾಕಿಸಿದ್ದರು. ದೇಗ್‌ನ ತಳ ದಪ್ಪ, ಕೊಪ್ಪರಿಗೆಯ ತಳ ತೆಳು. ಇವು ಬೇಗ ಹಿಡಿಯುತ್ತವೆ, ಜೋಪಾನ ಎಂದು ಖಾಜಾ ಹುಸೇನ್ ಮೊದಲ ದಿನವೇ ಹುಜೈಫಾಗೆ ಹೇಳಿದ್ದರು.

ಆ ದಿನ ಅಕ್ಕನಾಗಮ್ಮನವರೂ ಶೆಡ್ಡಿಗೆ ಬಂದಿದ್ದರು. ಎಪ್ಪತ್ತು ದಾಟಿದವರು. ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ದೂರದಿಂದಲೇ ಮಾತಾಡಿದರು.

“ಏನಪ್ಪಾ, ಇದು ದಾಸೋಹ. ಎಂಜಲು ಮಾಡಬ್ಯಾಡ್ರಿ. ರುಚಿ ಗಿಚಿ ನೋಡಂಗಿಲ್ಲ.”

“ಅವ್ವಾರೆ, ನಮ್ದು ರೋಜಾ ಐತೆ. ನೋಡಬೇಕಂದ್ರೂ ನೋಡಂಗಿಲ್ಲ.”

“ಹಂಗಾದ್ರೆ ಚಲೋ ಆತು ಬಿಡು. ನಿಮ್ ದೇವ್ರು, ನಮ್ ದೇವ್ರು ಇದೊಂದ್ರಾಗೆ ಒಂದೇ ಮಾತು ಹೇಳ್ಯಾರೆ.”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಹಾಗೆ ಆ ಅಡಿಗೆಮನೆಯಲ್ಲಿ ಯಾರೂ ರುಚಿ ನೋಡದಿರುವುದು ನಿಯಮವಾಯಿತು. ಬಾವರ್ಚಿಗಳು ಉಪವಾಸದ ಕಾರಣಕ್ಕೆ, ಉಳಿದವರು ಎಂಜಲಾಗಬಾರದೆಂದು. ಹಂಚುವ ಹುಡುಗರು ಊಟಕ್ಕೆ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು.

ಅಕ್ಕನಾಗಮ್ಮ ಇನ್ನೊಂದು ಕೆಲಸವನ್ನೂ ಮಾಡಿದರು. ಹಳೆಯ ಸೀರೆಯ ಬಟ್ಟೆ ಹರಿದು ಸಣ್ಣ ಸಣ್ಣ ಗಂಟು ಕಟ್ಟಿ ಕಳಿಸಿದರು. ಒಳಗೆ ಕರ್ಪೂರ, ಓಮದ ಕಾಳು, ಒಂದು ಹನಿ ನೀಲಗಿರಿ ಎಣ್ಣೆ. ಆ ತಿಂಗಳು ಊರಿನ ಅರ್ಧ ಜನ ಇಂಥದೊಂದು ಗಂಟು ಮೂಸುತ್ತಿದ್ದರು. ಉಸಿರು ಸಲೀಸಾಗುತ್ತದೆ ಎಂಬ ನಂಬಿಕೆ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಮಾಸ್ಕಿನ ಒಳಗೆ ಸಿಕ್ಕಿಸಿಕೊಂಡರು. ಮೊದಲ ಕೆಲವು ದಿನ ಖಾಜಾ ಹುಸೇನ್ ಅವರಿಗೆ ಅದರಿಂದ ಕಿರಿಕಿರಿಯಾಯಿತು. ಉಗಿ ನೋಡುವಾಗ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಕಿರಿಕಿರಿ ನಿಂತಿತು. ಅಭ್ಯಾಸವಾಯಿತು ಎಂದುಕೊಂಡರು.

ಆ ವಾರಗಳ ಬಗ್ಗೆ ಕೇಳಿದರೆ ಅವರು ಹೆಚ್ಚು ಹೇಳುವುದಿಲ್ಲ. ಈರುಳ್ಳಿ ನೆನಪಿದೆ. ನಡು ಮಧ್ಯಾಹ್ನದ ಹೆದ್ದಾರಿಯಲ್ಲಿ ಆಂಬುಲೆನ್ಸ್ ಬಿಟ್ಟರೆ ಬೇರೆ ಸದ್ದಿರಲಿಲ್ಲ ಎಂಬುದು ನೆನಪಿದೆ. ಪೊಲೀಸರ ತಡೆ ಇದ್ದದ್ದರಿಂದ ಹರಿಹರಕ್ಕೆ ಹೋಗದೆ ಶೆಡ್ಡಿನಲ್ಲೇ ಗೋಣಿಚೀಲಗಳ ಮೇಲೆ ಮಲಗುತ್ತಿದ್ದರು. ನಿನ್ನೆ ಊಟ ಕೊಟ್ಟವರಲ್ಲಿ ಯಾರಾದರೂ ಇವತ್ತು ಇಲ್ಲವೆಂದರೆ ಹುಡುಗರು ಬಂದು ಪೊಟ್ಟಣಗಳ ಲೆಕ್ಕ ಕಡಿಮೆ ಮಾಡಲು ಹೇಳುತ್ತಿದ್ದರು. ಅವರು ಕಡಿಮೆ ಮಾಡುತ್ತಿದ್ದರು. ಹೊಸಬರು ಬಂದರೆಂದರೆ ಹೆಚ್ಚು ಮಾಡುತ್ತಿದ್ದರು. “ಅಕ್ಕಿ ನೋಡ್ತಿದ್ದೆ,” ಎನ್ನುತ್ತಾರೆ. “ಬ್ಯಾರೆ ಏನೂ ನೋಡ್ತಿರಲಿಲ್ಲ.”

ಮೇ ಮೊದಲ ವಾರದಲ್ಲಿ ಅಕ್ಕನಾಗಮ್ಮನವರಿಗೆ ಜ್ವರ ಬಂತು. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ತಾನು ಇಲ್ಲಿರುವುದಿಲ್ಲ ಎಂದು ಹಟ ಹಿಡಿದು ಅವರೇ ಹಾಸ್ಟೆಲಿನ ಆರೈಕೆ ಕೇಂದ್ರಕ್ಕೆ ಹೋಗಿ ಸೇರಿಕೊಂಡರು. ಮಗ ಶೆಡ್ಡಿನ ಒಳಗೆ ಬರುವುದನ್ನು ನಿಲ್ಲಿಸಿ, ಗೇಟಿನ ಹೊರಗೆ ನಿಂತು ಫೋನಿನಲ್ಲೇ ಮಾತಾಡತೊಡಗಿದರು. ಊಟವನ್ನು ಸಿದ್ದು ಎಂಬುವರ ಗೂಡ್ಸ್ ಆಟೋ ಒಯ್ಯುತ್ತಿತ್ತು.

ಒಂದು ದಿನ ಕೇಂದ್ರದವರಿಗೆ ಚಿಕ್ಕ ಕೊಪ್ಪರಿಗೆಯಲ್ಲಿ ತರಕಾರಿ ಪಲಾವ್. ಆಸ್ಪತ್ರೆ ಹೊರಗಿನವರಿಗೆ ದೊಡ್ಡದರಲ್ಲಿ ಅನ್ನ, ಬೇಳೆ ಸಾರು. ಖಾಜಾ ಹುಸೇನ್ ಪಲಾವಿನ ಮುಂದೆ ಕೂತಿದ್ದರು. ಮುಚ್ಚಳ ಸರಿಸಿದರು. ಉಗಿ ಮುಖಕ್ಕೆ ಬಡಿಯಿತು, ವಾಸನೆ ಬರಲಿಲ್ಲ. ಇನ್ನೂ ಆಗಿಲ್ಲ ಎಂದು ಮುಚ್ಚಿದರು. ತುಸು ಹೊತ್ತು ಬಿಟ್ಟು ಮತ್ತೆ ಸರಿಸಿದರು, ಲವಂಗವೂ ಇಲ್ಲ, ಏಲಕ್ಕಿಯೂ ಇಲ್ಲ. ಬೆಂಕಿ ಸಾಲದು ಎಂದು ಇನ್ನೊಂದು ಕೊರಡು ಒಳಕ್ಕೆ ತಳ್ಳಿದರು. ಮೂರನೆಯ ಸಲ ಕೈಯಲ್ಲಿ ಅಗುಳು ಹಿಚುಕಿದರೆ ಬೆಂದು ಮೆತ್ತಗಾಗಿತ್ತು. ವಾಸನೆ ಬಾರದೆ ಅಕ್ಕಿ ಬೆಂದದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು. ಅಕ್ಕಿಯೇ ಹಾಗಿರಬೇಕು ಎಂದುಕೊಂಡು ಇಳಿಸಿದರು. ಹುಡುಗರು ಮೇಲಿನಿಂದ ತೆಗೆದು ಪೊಟ್ಟಣ ಕಟ್ಟಿದರು. ಎಲ್ಲರ ಮೂಗಿನಲ್ಲೂ ಕರ್ಪೂರ ಇತ್ತು. ಆಟೋ ಹೋಯಿತು.

ಪಾತ್ರೆ ತೊಳೆಯುತ್ತಿದ್ದ ಉಚ್ಚೆಂಗೆಮ್ಮ ಶೆಡ್ಡಿನ ಹಿಂದೆ ನಲ್ಲಿಯ ಹತ್ತಿರ ಇರುತ್ತಿದ್ದರು. ಒಬ್ಬರೇ ಇರುತ್ತಿದ್ದುದರಿಂದ ಮಾಸ್ಕ್ ಹಾಕುತ್ತಿರಲಿಲ್ಲ, ಗಂಟನ್ನೂ ಕಟ್ಟಿಕೊಂಡಿರಲಿಲ್ಲ.

“ಸಾಬಣ್ಣಾ, ಇಲ್ಲಿ ಬಾ ಇಲ್ಲಿ.”

ಖಾಜಾ ಹುಸೇನ್ ಹೋದರು. ಹುಜೈಫಾನೂ ಹಿಂದೆ ಹೋದ.

“ಇದು ಅನ್ನನಾ, ಇದ್ದಿಲಾ?”

ಕೊಪ್ಪರಿಗೆಯ ತಳದಲ್ಲಿ ಬೆರಳು ದಪ್ಪದ ಕರಿ ಹಕ್ಕಳೆ ಇತ್ತು. ಉಚ್ಚೆಂಗೆಮ್ಮ ಅದನ್ನು ಸೌಟಿನ ಹಿಡಿಯಿಂದ ಕುಟ್ಟಿದರು. ಹೆಂಚು ಕುಟ್ಟಿದ ಸದ್ದು ಬಂತು.

“ಆ ಪೈಪಿನ ಫ್ಯಾಕ್ಟ್ರಿ ತನಕ ಸೀದ ವಾಸ್ನೆ ಹೊಡೀತೈತೆ. ಅಲ್ಲಿ ವಾಚ್‌ಮನ್ ಬಂದು ಏನ್ ಸುಟ್ರಿ ಅಂತ ಕೇಳಿದ. ನಿಮಗೆ ಒಬ್ರಿಗೂ ಮೂಗಿಲ್ಲೇನು?”

ಹುಜೈಫಾ ಮಾಸ್ಕ್ ಕೆಳಗೆ ಎಳೆದ. ಅವನ ಮುಖ ಸಿಂಡರಿಸಿತು. “ಮಾಮೂ,” ಎಂದ.

ಖಾಜಾ ಹುಸೇನ್ ತಾವೂ ಮಾಸ್ಕ್ ತೆಗೆದರು. ಕೊಪ್ಪರಿಗೆಯ ಒಳಕ್ಕೆ ಬಗ್ಗಿದರು. ಎದ್ದು ನಿಂತು ಮಾಸ್ಕಿನಲ್ಲಿದ್ದ ಗಂಟನ್ನು ಬಿಚ್ಚಿದರು. ಒಳಗಿದ್ದ ಕರ್ಪೂರದ ಚೂರನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಪುಡಿ ಮಾಡಿ ಮೂಗಿಗೆ ಹಿಡಿದರು. ಮೂಗಿನ ಒಳಗೆ ತಣ್ಣಗಾಯಿತು. ವಾಸನೆ ಇರಲಿಲ್ಲ. ಓಮದ ಕಾಳು ತಿಕ್ಕಿ ನೋಡಿದರು. ಅದೂ ಇರಲಿಲ್ಲ. ಉಚ್ಚೆಂಗೆಮ್ಮ ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅದಕ್ಕೆ ಅವರನ್ನು ದೂರುವಂತಿರಲಿಲ್ಲ ಎನ್ನುತ್ತಾರೆ ಖಾಜಾ ಹುಸೇನ್.

ಗೇಟಿನ ಹೊರಗಿದ್ದ ಕೊಟ್ಟೂರೇಶ್‌ಗೆ ಹುಜೈಫಾ ಫೋನ್ ಮಾಡಿದ. ಅವರು ಕೇಂದ್ರಕ್ಕೆ ಫೋನ್ ಮಾಡಿದರು. ಪೊಟ್ಟಣಗಳನ್ನು ಹಂಚಿ ಆಗಿತ್ತು. ಊಟವೂ ಆಗಿತ್ತು. ಯಾರೂ ಒಂದು ಮಾತು ಅಂದಿರಲಿಲ್ಲ. ಸೀದ ಪಲಾವನ್ನು ಕೇಂದ್ರದ ಒಬ್ಬೊಬ್ಬರೂ ತಿಂದು ಖಾಲಿ ಮಾಡಿದ್ದರು. ತಿಂದವರಲ್ಲಿ ಬಹುಪಾಲು ಜನರಿಗೆ ರುಚಿಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಉಳಿದವರಿಗೆ ದೂರುವಷ್ಟು ಶಕ್ತಿ ಇರಲಿಲ್ಲವೇನೋ. ಸಂಜೆ ಅಕ್ಕನಾಗಮ್ಮ ಮಗನಿಗೆ ಫೋನ್ ಮಾಡಿದರು. “ಇವತ್ತಿನ ಪಲಾವ್ ಚಲೋ ಇತ್ತಪ್ಪಾ. ಆ ಸಾಬರಿಗೆ ಹೇಳು,” ಎಂದರು.

ಮರುದಿನ ಖಾಜಾ ಹುಸೇನ್ ಅವರ ಪರೀಕ್ಷೆಯ ಫಲಿತಾಂಶ ಪಾಸಿಟಿವ್ ಬಂತು. ಅವರನ್ನೂ ಅದೇ ಕೇಂದ್ರಕ್ಕೆ ಸೇರಿಸಿದರು. ಶೆಡ್ಡಿನ ಉಳಿದವರಿಗೂ ಪರೀಕ್ಷೆಯಾಯಿತು, ಯಾರಿಗೂ ಬಂದಿರಲಿಲ್ಲ. ಕೊಪ್ಪರಿಗೆಯನ್ನು ಹುಣಸೆ ಹಣ್ಣು ಹಾಕಿ ಬೆಳಗಿದರು. ಎರಡು ದಿನ ಒಲೆ ಉರಿಯಲಿಲ್ಲ. ಮೂರನೆಯ ದಿನದಿಂದ ಹುಜೈಫಾ ಸೌಟು ಹಿಡಿದ.

ಅಕ್ಕನಾಗಮ್ಮನವರಿಗೆ ಅಷ್ಟರಲ್ಲಿ ಉಸಿರಾಟ ಕಷ್ಟವಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ವಾರ ತುಂಬುವ ಮೊದಲೇ ತೀರಿಕೊಂಡರು. ಸಾಯುವ ಮೊದಲು ಮಗನೊಂದಿಗೆ ನೆಟ್ಟಗೆ ಮಾತಾಡಿದ್ದು ಆ ಫೋನಿನಲ್ಲೇ ಕೊನೆ. ಖಾಜಾ ಹುಸೇನ್ ಅವರಿಗೆ ಸುದ್ದಿ ತಿಳಿಸಿದ್ದು ಪಕ್ಕದ ಮಂಚದವರು. ಆಗ ಅವರು ಊಟ ಮಾಡುತ್ತಿದ್ದರು. ಮುಗಿಸಿ ಕೈ ತೊಳೆದು ಬಂದು ಮಲಗಿದರು. ಅಳು ಬರಲಿಲ್ಲ, ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ ಎನ್ನುತ್ತಾರೆ. ಆ ವರ್ಷದ ರಮಜಾನ್ ಹಬ್ಬವೂ ಅವರಿಗೆ ಆ ಮಂಚದ ಮೇಲೇ ಆಯಿತು. ಹುಜೈಫಾ ಕಳಿಸಿದ ಹಬ್ಬದ ಶ್ಯಾವಿಗೆ ಪಾಯಸ, ಶೀರ್ ಕುರ್ಮಾ, ಬಿಸಿಯಾಗಿತ್ತು, ಸಿಹಿಯಾಗಿತ್ತು. ಮತ್ತೇನೂ ಆಗಿರಲಿಲ್ಲ.

ವಾಸನೆ ತಿಂಗಳೊಳಗೆ ಬರುತ್ತದೆ ಎಂದರು. ಬರಲಿಲ್ಲ. ಆರು ತಿಂಗಳು ಎಂದರು. ಮೂಗಿನ ವೈದ್ಯರು ದಿನಾ ಬೆಳಗ್ಗೆ ಲವಂಗ, ನಿಂಬೆ, ಗುಲಾಬಿ ನೀರು, ಏಲಕ್ಕಿ ಒಂದೊಂದನ್ನೇ ಮೂಸಿ ಅದರ ವಾಸನೆಯನ್ನು ನೆನಪಿಸಿಕೊಳ್ಳಲು ಹೇಳಿದರು. ಹಾಗೆ ಮಾಡಿ ಕೆಲವರಿಗೆ ಮರಳಿದೆಯಂತೆ. ಖಾಜಾ ಹುಸೇನ್ ಒಂದು ವರ್ಷ ಮಾಡಿದರು. ಮೊದಲಿಗೆ ಮೂಸಿದಾಗ ಏನೂ ಬರದಿದ್ದರೂ ಲವಂಗ ಹೇಗಿತ್ತೆಂದು ಮನಸ್ಸಿಗೆ ಗೊತ್ತಿತ್ತು. ವರ್ಷದ ಕೊನೆಗೆ ಅದೂ ಅಷ್ಟು ಗೊತ್ತಾಗದೆ ಹೋಯಿತು. ಆ ಡಬ್ಬಿಗಳ ಲವಂಗ, ಏಲಕ್ಕಿಯನ್ನು ಹಜೀರಾಬೀ ಮನೆಯ ಮಸಾಲೆಗೆ ಸುರಿದುಕೊಂಡರು.

ಮದುವೆಗಳು ಮತ್ತೆ ಶುರುವಾದ ಮೇಲಿನ ಮೊದಲ ಅಡಿಗೆಯ ದಿನ ಹಜೀರಾಬೀ ಬುತ್ತಿ ಕೊಡಲು ಬಂದಿದ್ದರು. ದೇಗ್‌ನ ಪಕ್ಕ ಹಾಯುವಾಗ ನಿಂತು ಗಂಡನಿಗೆ, “ಅಜೀ, ತಳ ಹಿಡೀತೈತೆ,” ಎಂದರು. ಅವತ್ತಿನಿಂದ ಜೊತೆಗೇ ಬರುತ್ತಾರೆ. ಅವರಿಗೆ ಅಡಿಗೆಯ ವಿದ್ಯೆ ಗೊತ್ತಿರಲಿಲ್ಲ. ಗಂಡ ಹೇಳಿಕೊಟ್ಟರು: ಮೊದಲು ಇದು ಬರುತ್ತದೆ, ಆಮೇಲೆ ಅದು, ಇದು ಹಿಂದೆ ಸರಿದು ಅದು ಮೇಲೆ ಬಂದಾಗ ನನಗೆ ಹೇಳು. ಫಿಜಾಳ ಮದುವೆಯಲ್ಲೂ ಹೆಣ್ಣಿನ ತಾಯಿ ರೇಷ್ಮೆ ಸೀರೆಯಲ್ಲಿ ನೆಂಟರ ನಡುವಿನಿಂದ ಎದ್ದೆದ್ದು ಹಿತ್ತಿಲಿಗೆ ಹೋಗಿ ದೇಗ್ ಮೂಸಿ ಬರುತ್ತಿದ್ದರು. ಬೀಗಿತ್ತಿ ಇದನ್ನು ಕಂಡು, ಊಟದ ಮೇಲೆ ಇಷ್ಟು ಆಸೆಯ ಹೆಂಗಸನ್ನು ತಾನು ನೋಡಿಲ್ಲ ಎಂದರಂತೆ. ಹಜೀರಾಬೀ ಹೌದೆಂದು ಒಪ್ಪಿಕೊಂಡರು.

ಅಕ್ಕನಾಗಮ್ಮ ತೀರಿಕೊಂಡ ದಿನ ಪ್ರತಿ ವರ್ಷ ಕೊಟ್ಟೂರೇಶ್ ಶೆಡ್ಡಿನಲ್ಲಿ ಊಟ ಹಾಕಿಸುತ್ತಾರೆ. ಅದೇ ಚಿಕ್ಕ ಕೊಪ್ಪರಿಗೆ, ಅದೇ ತರಕಾರಿ ಪಲಾವ್, ಖಾಜಾ ಹುಸೇನ್ ಅವರೇ ಮಾಡಬೇಕು. ಕೆಲಸದವರು, ಸುತ್ತಲಿನ ಕಾರ್ಖಾನೆಯವರು, ಆಗ ಪೊಟ್ಟಣ ಹಂಚಿದ ಹುಡುಗರು ಬರುತ್ತಾರೆ. ಬಡಿಸುವ ಮೊದಲು ಕೊಟ್ಟೂರೇಶ್ ತಾಯಿಯ ಕೊನೆಯ ಮಾತನ್ನು ಹೇಳುತ್ತಾರೆ. ಪಲಾವ್ ಚಲೋ ಇತ್ತಪ್ಪಾ. ಆ ಸಾಬರಿಗೆ ಹೇಳು. ಎಲ್ಲರೂ ಖಾಜಾ ಹುಸೇನ್ ಕಡೆ ನೋಡುತ್ತಾರೆ. ಅವರು ಸೌಟು ನೋಡುತ್ತಾರೆ.

ಛತ್ರದ ಬಿರಿಯಾನಿಯ ಮರುದಿನ ಗಂಡ ಹೆಂಡತಿ ಮುಂದಿನ ಎರಡು ಅಡಿಗೆಯ ವಿಷಯ ಮನೆಯಲ್ಲಿ ತಮ್ಮ ಉರ್ದುವಿನಲ್ಲೇ ಮಾತಾಡಿದರು.

“ಹುಜೈಫಾಗೆ ಬಿಟ್ಕೊಡ್ರಿ,” ಎಂದರು ಹಜೀರಾಬೀ. ಗೋಡಂಬಿ, ಖರ್ಜೂರವನ್ನು ಬಾಣಂತಿಗೆ ಕಟ್ಟಿಕೊಳ್ಳುತ್ತಿದ್ದರು. “ಎರಡನ್ನೂ ಬಿಟ್ಕೊಡ್ರಿ. ನಿಮಗೆ ಸೊಂಟ ನೋವು ಅಂತ ಹೇಳ್ರಿ.”

“ಬಿರಿಯಾನಿ ಕೊಡಬೋದು. ಕೊಪ್ಪರಿಗೆ ಹೆಂಗೆ ಕೊಡ್ಲಿ? ಯಾಕ ಅಂತ ಕೇಳ್ತಾರೆ.”

“ಕೇಳಿದ್ರೆ ಹೇಳ್ರಿ.”

“ಹೇಳಿದ್ರೆ ಮುಗೀತು.”

“ಐದು ವರ್ಷ ಆತು. ನಂಗೂ ಮೊಣಕಾಲು ಬಗ್ಗಂಗಿಲ್ಲ ಈಗ,” ಎಂದರು ಹಜೀರಾಬೀ. ಖರ್ಜೂರದ ಗಂಟು ಬಿಗಿದು ಚೀಲಕ್ಕೆ ಹಾಕಿದರು.

ಶುಕ್ರವಾರ ಬೆಳಗ್ಗೆ ಅವರನ್ನು ಶಿವಮೊಗ್ಗದ ಬಸ್ಸಿಗೆ ಹತ್ತಿಸಿ ಖಾಜಾ ಹುಸೇನ್ ದಾವಣಗೆರೆಯ ಬಸ್ ಹತ್ತಿದರು. ಕರೂರಿನ ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿದ್ದವು. ಉಚ್ಚೆಂಗೆಮ್ಮ ಈಗ ಅಲ್ಲೇ ಚೀಲ ಮಡಚುವ ಕೆಲಸದಲ್ಲಿದ್ದಾರೆ. ಕೊಟ್ಟೂರೇಶ್ ಕುರ್ಚಿ ಎಳೆದು ಹಾಕಿದರು.

“ಬರ್ರಿ ಸಾಬ್ರೆ, ಕೂಡ್ರಿ. ಬುಧವಾರಕ್ಕೆ ಏನೇನು ಬೇಕು ಹೇಳ್ರಿ, ತರಿಸ್ತೀನಿ.”

“ಸಾವ್ಕಾರ್ರೆ, ಈ ಸಲ ನನ್ ಕೈಲಿ ಆಗಂಗಿಲ್ಲ.”

“ಯಾಕ? ಮೈಯಾಗೆ ಹುಷಾರಿಲ್ಲೇನು?”

“ಹುಷಾರದೀನಿ. ವಾಸ್ನೆ ತಿಳಿಯಂಗಿಲ್ಲ ನಂಗೆ.”

“ನೆಗಡಿನಾ?”

“ಅವತ್ತು ಹೋಗಿದ್ದು ಬಂದೇ ಇಲ್ಲ.”

ಕೊಟ್ಟೂರೇಶ್ ಪಟ್ಟಿ ಬರೆಯಲು ಎತ್ತಿಕೊಂಡ ಪೆನ್ನನ್ನು ಕೆಳಗಿಟ್ಟರು. “ಮತ್ತೆ ಇಷ್ಟು ವರ್ಷ ಹೆಂಗೆ ಮಾಡಿದ್ರಿ?”

“ಹಜೀರಾ ಮೂಸಿ ಹೇಳ್ತಿದ್ಲು. ಅವ್ಳು ಇವತ್ತು ಊರಿಗೆ ಹೋದ್ಲು.” ಅವರು ಅಲ್ಲಿಗೆ ನಿಲ್ಲಿಸಲಿಲ್ಲ. “ಸಾವ್ಕಾರ್ರೆ, ಅವತ್ತಿನ ಪಲಾವ್ ಸೀದಿತ್ತು. ತಳ ಅಷ್ಟೇ ಅಲ್ಲ, ಪೂರಾ ಸೀದಿತ್ತು. ಅವ್ವಾರಿಗೆ ಗೊತ್ತಾಗಿಲ್ಲ.”

“ನಂಗೊತ್ತು.”

ಖಾಜಾ ಹುಸೇನ್ ತಲೆ ಎತ್ತಿ ಅವರನ್ನು ನೋಡಿದರು.

“ಅವ್ವಗೆ ಆವಾಗ ಕಾಫಿ ಯಾವ್ದು, ಬಿಸ್ನೀರು ಯಾವ್ದು ಗೊತ್ತಾಗ್ತಿರಲಿಲ್ಲ. ಪಲಾವ್ ತಿನ್ನೋಕಿಂತ ಎರಡು ದಿನದ ಹಿಂದೆ ಅವ್ಳೇ ಫೋನ್ನಾಗೆ ಹೇಳಿದ್ಲು. ಆಮೇಲೆ ಪಲಾವ್ ಚಲೋ ಇತ್ತು ಅಂದ್ಲು. ನಿಮಗೆ ಹೇಳು ಅಂದ್ಲು. ನಾನು ಅದನ್ನ ಹಿಡ್ಕಂಡೀನಿ, ಅಷ್ಟೇ.” ಕೊಟ್ಟೂರೇಶ್ ಮೇಜಿನ ಮೇಲಿನ ನೂಲಿನ ಉಂಡೆಯನ್ನು ಅತ್ತಿತ್ತ ಉರುಳಿಸಿದರು. “ನಾನು ಮೂಸಿ ನೋಡ್ಲೇನು ಬುಧವಾರ?”

“ನಿಮಗೆ ಉಪ್ಪಿಟ್ಟಿಗೂ ಅಂಟಿಗೂ ವ್ಯತ್ಯಾಸ ತಿಳಿಯಂಗಿಲ್ಲ.”

ಚೀಲದ ರಾಶಿಯ ಹಿಂದಿನಿಂದ ಉಚ್ಚೆಂಗೆಮ್ಮ ಎದ್ದು ನಿಂತರು. ಮಾತೆಲ್ಲ ಅವರಿಗೆ ಕೇಳಿಸಿತ್ತು.

“ಅವತ್ತು ಹೇಳಿದ್ದು ಯಾರು? ನಾನೇ ಅಲ್ಲೇನು? ನಾನ್ ನಿಂದಿರ್ತೀನಿ ಬಿಡ್ರಿ.”

“ನಿಂಗೆ ಏಲಕ್ಕಿ ಮ್ಯಾಲೆ ಬಂದಿದ್ದು ಗೊತ್ತಾಗುತ್ತೇನವ್ವಾ?” ಎಂದು ಕೇಳಿದರು ಖಾಜಾ ಹುಸೇನ್.

“ಏಲಕ್ಕಿ ಗೀಲಕ್ಕಿ ನಂಗೆ ತಿಳಿಯಂಗಿಲ್ಲ. ಸೀಯೋದು ತಿಳೀತೈತೆ. ಸೀಯೋಕಿಂತ ಮುಂಚೆ ಹೇಳಿದ್ರೆ ಸಾಕಲ್ಲ? ಆದ್ರೆ ಪಾತ್ರಿ ತೊಳ್ಯಾಕ ಮಾತ್ರ ಕರೀಬ್ಯಾಡ್ರಿ. ಎರಡೆರಡು ಕೆಲ್ಸ ನನ್ ಕೈಲಿ ಆಗಂಗಿಲ್ಲ.”

ಹೊಲಿಗೆಯವರಲ್ಲಿ ಯಾರೋ ನಕ್ಕರು. ಅಷ್ಟೂ ಯಂತ್ರಗಳು ನಿಂತಿದ್ದವು. ಖಾಜಾ ಹುಸೇನ್ ಅವರಿಗೆ ವಾಸನೆ ತಿಳಿಯುವುದಿಲ್ಲ ಎಂಬ ಮಾತು ಶೆಡ್ಡಿನಿಂದ ಹೊರಬೀಳಲು ಊಟದ ಬಿಡುವಿನವರೆಗೂ ಕಾಯಲಿಲ್ಲ.

ಶನಿವಾರ ಸಣ್ಣತಿಮ್ಮಪ್ಪ ಆನಗೋಡಿನಿಂದ ಫೋನ್ ಮಾಡಿದರು.

“ಖಾಜಾ ಸಾಬ್ರೆ, ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ್ರಿ.”

“ಕೇಳ್ರಿ.”

“ನಿಮಗೆ ವಾಸ್ನೆ ತಿಳಿಯಂಗಿಲ್ಲಂತೆ. ಹೌದೇನು?”

“ಹೌದು.”

ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. “ಹಂಗಾದ್ರೆ ಹೆಂಗೆ ಮತ್ತೆ? ಬೀಗರು ಬರ್ತಾರೆ.”

“ಹುಜೈಫಾ ಮಾಡ್ತಾನೆ. ನಂಗಿಂತ ಚಲೋ ಮಾಡ್ತಾನೆ. ನಾನು ಜೊತೆಗೆ ಬಂದು ಬೆಂಕಿ ನೋಡ್ಕಂತೀನಿ.”

“ಹಂಗಾದ್ರೆ ಆಗ್ಲಿ,” ಎಂದರು ಸಣ್ಣತಿಮ್ಮಪ್ಪ. ಬೇಗ ಫೋನ್ ಇಟ್ಟರು.

ಖಾಜಾ ಹುಸೇನ್ ಮಧ್ಯಾಹ್ನ ಹುಜೈಫಾನ ಮನೆಗೆ ಹೋಗಿ ಎರಡೂ ದೇಗ್‌ಗಳನ್ನು ಬಂದು ಒಯ್ಯಲು ಹೇಳಿದರು. ಅವನು ಯಾಕೆಂದು ಕೇಳಲಿಲ್ಲ. ತಮ್ಮ ಉದ್ದನೆಯ ಚಿಮಟವನ್ನು ಅವರು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಶಿವಮೊಗ್ಗದಿಂದ ಹಜೀರಾಬೀ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದರು. ಅವರು ಪೂರ್ತಿ ಕೇಳಿ, ಗ್ಯಾಸ್ ಆರಿಸಿದ್ದೀರಾ ನೋಡಿ ಎಂದರು. ಖಾಜಾ ಹುಸೇನ್ ಎದ್ದು ಹೋಗಿ ಗುಂಡಿ ತಿರುಗಿಸಿ ನೋಡಿದರು. ಆರಿತ್ತು.

ಬುಧವಾರ ಬೆಳಗ್ಗೆ ಖಾಜಾ ಹುಸೇನ್ ಕರೂರಿನಲ್ಲಿ ಒಲೆ ಹಚ್ಚುತ್ತಾರೆ. ಉಚ್ಚೆಂಗೆಮ್ಮ ಕೊಪ್ಪರಿಗೆಯ ಪಕ್ಕ ನಿಲ್ಲುತ್ತಾರೆ. ಪಾತ್ರೆ ತೊಳೆಯಲು ಇನ್ನೂ ಯಾರೂ ಸಿಕ್ಕಿಲ್ಲ.